ಹದಿನೆಂಟು ತುಂಬಿದ ಮೇಲಿನ ಫೀಸು: ವಿಚ್ಛೇದನದ ರಾಜಿಪತ್ರದಲ್ಲಿ ಮಕ್ಕಳ ಕಾಲೇಜು

(ಕೌಟುಂಬಿಕ ಕಾನೂನಿನ ಕುರಿತು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಲ್ಲಿ ಸೇರಿರುವವರಲ್ಲಿ ವಕೀಲರಿದ್ದಾರೆ, ಆಪ್ತಸಮಾಲೋಚಕರಿದ್ದಾರೆ, ತಮ್ಮ ಮನೆಯದೇ ಸಂಗತಿ ಎಂಬ ಕಾರಣಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತವರೂ ಇದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಕಿರಿದು. ದಂಪತಿ ಪರಸ್ಪರ ಸಮ್ಮತಿಯಿಂದ ಬೇರೆಯಾಗುವಾಗ ಮಕ್ಕಳ ಖರ್ಚಿನ ಬಗ್ಗೆ, ಅದರಲ್ಲೂ ಕಾಲೇಜಿನ ಖರ್ಚಿನ ಬಗ್ಗೆ, ತಂದೆ ತಾಯಿ ಬರೆದುಕೊಳ್ಳುವ ಕರಾರುಗಳನ್ನು ಕುರಿತು ಮಾತ್ರ ಮಾತಾಡುತ್ತೇನೆ. ವಿಚ್ಛೇದನ ಸರಿಯೋ ತಪ್ಪೋ, ಮಗು ಯಾರ ಬಳಿ ಇರಬೇಕು ಎಂಬ ಚರ್ಚೆಗಳಿಗೆ ಇಂದು ಕೈಹಾಕುವುದಿಲ್ಲ.

ನಮ್ಮ ರಾಜ್ಯದಲ್ಲಿ ಮಗು ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುವ ಹೊತ್ತಿಗೆ ಅದಕ್ಕೆ ಹದಿನೇಳು ಕಳೆದಿರುತ್ತದೆ, ಇಲ್ಲವೇ ಹದಿನೆಂಟು ತುಂಬಿರುತ್ತದೆ. ಸಿಇಟಿ ಮುಗಿದು, ಫಲಿತಾಂಶ ಬಂದು, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಸುತ್ತುಗಳು ನಡೆಯುವ ಆ ಎರಡು ಮೂರು ತಿಂಗಳಲ್ಲಿಯೇ ಬಹಳಷ್ಟು ಮಕ್ಕಳ ಹದಿನೆಂಟನೆಯ ಹುಟ್ಟುಹಬ್ಬವೂ ಬಂದುಹೋಗುತ್ತದೆ. ಅಲ್ಲಿಯವರೆಗೆ ಶಾಲೆಯ ಫೀಸು, ಬಟ್ಟೆಬರೆ, ಔಷಧ ಎಂದು ಸಾಗಿದ್ದ ಖರ್ಚು ಒಮ್ಮೆಲೇ ಹಲವು ಪಟ್ಟು ಏರುವುದು ಆಗಲೇ, ಜೀವನಾಂಶದ ಕಾನೂನು ಮಗುವಿನ ಕೈಬಿಡತೊಡಗುವುದೂ ಆಗಲೇ. ಈ ಎರಡೂ ಒಂದೇ ಕಾಲಕ್ಕೆ ಬಂದು ಕೂಡುವುದರಿಂದ ಹುಟ್ಟುವ ತೊಂದರೆಯನ್ನು ಇಂದಿನ ಸ್ಥಿತಿಯಲ್ಲಿ ಭದ್ರವಾಗಿ ತುಂಬಿಕೊಡಬಲ್ಲದ್ದು, ನ್ಯಾಯಾಲಯದ ಡಿಕ್ರಿಯ, ಅಂದರೆ ಅಂತಿಮ ಆದೇಶದ, ಭಾಗವಾಗಿ ನಿಂತ, ಬಿಡಿಸಿ ಬರೆದ ಒಂದು ಒಪ್ಪಂದ ಮಾತ್ರ ಎಂಬುದು ನನ್ನ ವಾದ.

ಕಾನೂನು ಕೈಬಿಡುತ್ತದೆ ಎಂದೆ. ಅದು ಹೇಗೆ ಎಂಬುದನ್ನು ಮೊದಲು ನೋಡೋಣ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಕಲಂ ಮಕ್ಕಳ ಪಾಲನೆ, ಪೋಷಣೆ ಮತ್ತು ವಿದ್ಯಾಭ್ಯಾಸದ ಬಗ್ಗೆ ಕಾಲಕಾಲಕ್ಕೆ ಆದೇಶ ಮಾಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ, ಆದರೆ ಅದು ಅಪ್ರಾಪ್ತ ವಯಸ್ಕ ಮಕ್ಕಳ ವಿಷಯದಲ್ಲಿ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಕಲಂ ತಂದೆಯ ಮೇಲೂ ತಾಯಿಯ ಮೇಲೂ ಮಕ್ಕಳನ್ನು ಪೋಷಿಸುವ ಹೊಣೆ ಹೊರಿಸುತ್ತದೆ. ಮಗ ಆ ಹಕ್ಕನ್ನು ಕೇಳಬಹುದಾದದ್ದು ಅಪ್ರಾಪ್ತನಾಗಿರುವ ತನಕ. ಮಗಳಾದರೆ, ಮದುವೆಯಾಗದೆ, ತನ್ನ ಸ್ವಂತ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ಸ್ಥಿತಿಯಲ್ಲಿದ್ದರೆ, ಹದಿನೆಂಟು ಕಳೆದ ಮೇಲೆಯೂ ಕೇಳಬಹುದು. ಆ ಕಾಯ್ದೆ ಜೀವನಾಂಶದ ವ್ಯಾಖ್ಯೆಯೊಳಗೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಉಪಚಾರಗಳ ಜೊತೆಯಲ್ಲಿ ಶಿಕ್ಷಣವನ್ನೂ ಸೇರಿಸಿರುವುದು ಗಮನಾರ್ಹ. ಇನ್ನು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಅಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಎಲ್ಲ ಧರ್ಮದವರಿಗೂ ಅನ್ವಯಿಸುವಂಥದ್ದು. ಪ್ರಾಪ್ತ ವಯಸ್ಸಿಗೆ ಬಂದ ಮಗುವಿಗೆ ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ತನ್ನನ್ನು ತಾನು ಪೋಷಿಸಿಕೊಳ್ಳಲಾಗದಿದ್ದಾಗ ಮಾತ್ರ ಅದು ನೆರವಾಗುತ್ತದೆ. 2020ರ ಅಭಿಲಾಷಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಎರಡು ದಾರಿಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ಪ್ರಾಪ್ತಳಾದ, ಆರೋಗ್ಯವಂತಳಾದ ಅವಿವಾಹಿತ ಮಗಳು 125ನೇ ಕಲಮಿನಡಿ ಬರಲಾರಳು, 20ನೇ ಕಲಮಿನಡಿ ಬರಬಹುದು ಎಂದಿತು. ಹದಿನೆಂಟು ದಾಟಿದ ಆರೋಗ್ಯವಂತ ಮಗನಿಗೆ ಈ ಎರಡೂ ಬಾಗಿಲುಗಳು ಮುಚ್ಚಿವೆ ಎಂಬುದು ಇದರಿಂದ ತಾನಾಗಿ ಹೊರಡುವ ಅರ್ಥ.

ಹಾಗಾದರೆ ನ್ಯಾಯಾಲಯಗಳು ಇದನ್ನು ಕಾಣದೆ ಕುಳಿತಿವೆಯೇ? ಇಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣ 2021ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ತಂದೆ ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಯ ನೌಕರ. ಕೌಟುಂಬಿಕ ನ್ಯಾಯಾಲಯ ಮಗನಿಗೆ ತಿಂಗಳಿಗೆ 20,000 ರೂಪಾಯಿ ಕೊಡಬೇಕೆಂದಿತ್ತು. ಅಷ್ಟು ತನ್ನಿಂದಾಗದು ಎಂಬುದು ಆತನ ಅಹವಾಲು. ಸರ್ವೋಚ್ಚ ನ್ಯಾಯಾಲಯ ಮೊತ್ತವನ್ನು 10,000ಕ್ಕೆ ಇಳಿಸಿತು. ಜೊತೆಗೆ ಪ್ರತಿ ಆರ್ಥಿಕ ವರ್ಷ 1,000 ರೂಪಾಯಿ ಹೆಚ್ಚಿಸಬೇಕೆಂದಿತು. ಅದಕ್ಕಿಂತ ಮುಖ್ಯವಾಗಿ, ಇಂದಿನ ಕಾಲದಲ್ಲಿ ಕಾಲೇಜು ಮುಗಿಸದೆ ಮೂಲಭೂತ ಪದವಿಯೂ ಸಿಗುವುದಿಲ್ಲವಾದ್ದರಿಂದ ಹದಿನೆಂಟಕ್ಕೆ ನಿಲ್ಲಿಸುವುದು ಸಾಲದು, ಮಗ ಮೊದಲ ಪದವಿ ಮುಗಿಸುವವರೆಗೆ ಕೊಡಬೇಕು ಎಂಬ ನಿಲುವು ತಳೆಯಿತು. ಅದೇ ವರ್ಷ ದೆಹಲಿ ಉಚ್ಚ ನ್ಯಾಯಾಲಯ ಇನ್ನೊಂದು ದಾರಿ ಹಿಡಿಯಿತು. ಪ್ರಾಪ್ತ ವಯಸ್ಸಿನ ಮಗನ ಓದಿನ ಭಾರ ನಿಜದಲ್ಲಿ ತಾಯಿಯ ಮೇಲೆಯೇ ಬೀಳುವುದರಿಂದ, ತಾಯಿಗೆ ಕೊಡಿಸುವ ಜೀವನಾಂಶವನ್ನು ಲೆಕ್ಕ ಹಾಕುವಾಗ ಅದನ್ನು ಪರಿಗಣಿಸಬಹುದು ಎಂದಿತು. ಇವೆಲ್ಲ ಮಾನವೀಯವಾದ ತೀರ್ಪುಗಳು, ಸಂತೋಷ. ಆದರೆ ಅವು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಂತವು. ಕಾಯ್ದೆಯ ಅಕ್ಷರ ಬದಲಾಗಿಲ್ಲ. ಮಗನಿಗೆ ಕೌನ್ಸೆಲಿಂಗ್ ದಿನಾಂಕ ಬಂದಿರುವಾಗ ತಾಯಿ ಒಬ್ಬಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಬರಬೇಕೆಂದರೆ ಅದು ಪರಿಹಾರವಲ್ಲ.

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಬರುವ ದಂಪತಿಗೆ ಇಲ್ಲೊಂದು ಅನುಕೂಲವಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಅವರು ಸಲ್ಲಿಸುವ ಜಂಟಿ ಅರ್ಜಿಯ ಜೊತೆಗೆ ಸಾಮಾನ್ಯವಾಗಿ ಒಂದು ರಾಜಿಪತ್ರವಿರುತ್ತದೆ. ಬೆಂಗಳೂರಿನಲ್ಲಾದರೆ ಬಹಳಷ್ಟು ಸಂದರ್ಭಗಳಲ್ಲಿ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರದ ಮೇಜಿನ ಮೇಲೆಯೇ ರೂಪುಗೊಳ್ಳುತ್ತದೆ. ಕಾನೂನು ತಂದೆಯನ್ನು ಎಲ್ಲಿಯವರೆಗೆ ಬಲವಂತ ಮಾಡಬಹುದು ಎಂಬುದಕ್ಕೆ ಮಿತಿಯಿದೆ. ತಂದೆ ತಾಯಿ ತಾವಾಗಿ ಎಷ್ಟಕ್ಕೆ ಒಪ್ಪಿಕೊಳ್ಳಬಹುದು ಎಂಬುದಕ್ಕೆ ಮಿತಿಯಿಲ್ಲ. ಮಗ ಇಪ್ಪತ್ತಮೂರು ವರ್ಷ ದಾಟುವವರೆಗೂ ಓದಿಸುತ್ತೇನೆ ಎಂದು ತಂದೆ ಒಪ್ಪಿ ಸಹಿ ಹಾಕಿದರೆ, ಮತ್ತು ಆ ಕರಾರನ್ನು ನ್ಯಾಯಾಲಯ ತನ್ನ ಡಿಕ್ರಿಯೊಳಗೆ ಸೇರಿಸಿಕೊಂಡರೆ, ಹದಿನೆಂಟು ವರ್ಷದ ಪ್ರಶ್ನೆ ಅಲ್ಲಿಗೆ ಬಗೆಹರಿಯುತ್ತದೆ.

ಸೇರಿಸಿಕೊಂಡರೆ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಛಾಪಾ ಕಾಗದದ ಮೇಲೆ ಬರೆದು, ನೋಟರಿಯ ಮೊಹರು ಹಾಕಿಸಿ, ಇಬ್ಬರ ವಕೀಲರೂ ಫೈಲಿನಲ್ಲಿಟ್ಟುಕೊಂಡ ಒಪ್ಪಂದ ಬರೀ ಕರಾರು. ಅದನ್ನು ಮುರಿದರೆ ಹೊಸದಾಗಿ ದಾವೆ ಹೂಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ ನ್ಯಾಯಾಲಯ ದಾಖಲಿಸಿಕೊಂಡ ರಾಜಿಯಾದರೆ ಅದೇ ಡಿಕ್ರಿ. ಮುರಿದ ಮರುದಿನವೇ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಹಾಕಬಹುದು. ಸಂಬಳವನ್ನು ಜಪ್ತಿ ಮಾಡಿಸುವಾಗ ಸಾಮಾನ್ಯ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಅದೇ ಸಂಹಿತೆಯ 60ನೇ ಕಲಂ ಹೆಚ್ಚಿನ ಬಲ ಕೊಟ್ಟಿದೆ. ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಅಲ್ಲಿ ರಕ್ಷಣೆ, ಉಳಿದದ್ದು ಜಪ್ತಿಗೆ ಒಳಪಡಬಹುದು. ಡಿಕ್ರಿಯಲ್ಲಿ ‘ವಿವಾಹವನ್ನು ವಿಸರ್ಜಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ ಬಂದು, ಕರಾರುಗಳೆಲ್ಲ ಅರ್ಜಿಯ ಪುಟಗಳಲ್ಲೇ ಉಳಿದುಬಿಡುವ ಪ್ರಮಾದ ಆಗುವುದುಂಟು. ‘ರಾಜಿಯ ಷರತ್ತುಗಳು ಡಿಕ್ರಿಯ ಭಾಗವಾಗಿರತಕ್ಕದ್ದು’ ಎಂದು ಬರೆಸಿಕೊಳ್ಳದೆ, ಡಿಕ್ರಿಯ ಪ್ರತಿಯನ್ನು ಓದದೆ ಮನೆಗೆ ಹೋಗಬೇಡಿ.

ಈಗ ಆ ರಾಜಿಪತ್ರದೊಳಗೆ ಸಾಮಾನ್ಯವಾಗಿ ಏನಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಎಂಟು ಹತ್ತು ಪುಟದ ಪತ್ರದಲ್ಲಿ ಚಿನ್ನ, ಸೈಟು, ಫ್ಲ್ಯಾಟಿನ ಸಾಲ, ಪಾತ್ರೆಪಡಗ, ಪರಸ್ಪರ ಹೂಡಿದ ಕೇಸುಗಳ ವಾಪಸಾತಿ, ಇವೆಲ್ಲಕ್ಕೆ ಪ್ಯಾರಾಗಳ ಮೇಲೆ ಪ್ಯಾರಾ ಇರುತ್ತದೆ. ಚಿನ್ನದ ಬಳೆಗಳ ತೂಕ ಗ್ರಾಮಿನ ಲೆಕ್ಕದಲ್ಲಿ ಬರೆದಿರುತ್ತದೆ. ಮಗುವಿನ ಮುಂದಿನ ಓದಿನ ಬಗ್ಗೆ ಹೆಚ್ಚುಕಡಿಮೆ ಇಂಥ ಒಂದು ವಾಕ್ಯ: ‘ಅಪ್ರಾಪ್ತ ವಯಸ್ಕ ಮಗುವಿನ ಉನ್ನತ ಶಿಕ್ಷಣದ ವೆಚ್ಚವನ್ನು ಒಂದನೇ ಅರ್ಜಿದಾರರು ತಮ್ಮ ಶಕ್ತ್ಯಾನುಸಾರ ಭರಿಸತಕ್ಕದ್ದು.’ ಓದುವಾಗ ಎಲ್ಲರಿಗೂ ಸಮಾಧಾನ. ಆ ಮಗುವಿಗೆ ಆರು ವರ್ಷ, ತಂದೆಗೆ ಮಗಳ ಮೇಲೆ ಪ್ರೀತಿ ಇದೆ, ತಾಯಿಗೆ ಆದಷ್ಟು ಬೇಗ ಮುಗಿದರೆ ಸಾಕಾಗಿದೆ. ಹನ್ನೆರಡು ವರ್ಷ ಕಳೆದ ಮೇಲೆ ಇದೇ ವಾಕ್ಯವನ್ನು ಅಮಲ್ಜಾರಿ ನ್ಯಾಯಾಲಯದಲ್ಲಿ ಓದಿದಾಗ ಪ್ರಶ್ನೆಗಳು ಸಾಲುಗಟ್ಟುತ್ತವೆ. ಉನ್ನತ ಶಿಕ್ಷಣ ಶುರುವಾಗುವುದು ಪಿಯುಸಿಯಿಂದಲೋ ಪದವಿಯಿಂದಲೋ? ಹಾಸ್ಟೆಲ್ ಮತ್ತು ಮೆಸ್ ವೆಚ್ಚ ಶಿಕ್ಷಣದ ವೆಚ್ಚವೇ? ಲ್ಯಾಪ್‌ಟಾಪ್? ಶಕ್ತ್ಯಾನುಸಾರ ಎಂದರೆ ಯಾವ ವರ್ಷದ ಶಕ್ತಿ, ಅದನ್ನು ಅಳೆಯುವವರು ಯಾರು? ಎರಡನೆಯ ಮದುವೆಯಿಂದ ಇಬ್ಬರು ಮಕ್ಕಳಿದ್ದಾರೆ, ಮನೆ ಸಾಲವಿದೆ ಎಂದು ತಂದೆ ಹೇಳಿದರೆ ಅದೂ ಸುಳ್ಳಲ್ಲ. ಅಪ್ರಾಪ್ತ ವಯಸ್ಕ ಎಂಬ ವಿಶೇಷಣವೊಂದು ಮುಂದೆ ಕುಳಿತಿರುವುದರಿಂದ, ಹದಿನೆಂಟು ತುಂಬಿದ ದಿನವೇ ಈ ಷರತ್ತು ಮುಗಿಯಿತು ಎಂದು ಎದುರು ವಕೀಲರು ವಾದಿಸಿದರೂ ಆಶ್ಚರ್ಯವಿಲ್ಲ. ಬಳೆಗಳಿಗೆ ಗ್ರಾಮಿನ ಲೆಕ್ಕ ಬರೆದವರು ಮಗುವಿನ ಐದು ವರ್ಷದ ಓದಿಗೆ ಒಂದು ಅರ್ಧವಿರಾಮವನ್ನೂ ಹೆಚ್ಚಾಗಿ ಖರ್ಚು ಮಾಡುವುದಿಲ್ಲ ಎಂಬುದು ನನಗೆ ಬಗೆಹರಿಯದ ವಿಚಿತ್ರ.

ಆದ್ದರಿಂದ ಮೊದಲು ಬರೆಯಬೇಕಾದದ್ದು ಅವಧಿ. ವಯಸ್ಸಿನ ಮಿತಿಯನ್ನಷ್ಟೇ ಹಾಕಿದರೆ ಸಾಲದು. ಇಪ್ಪತ್ತೆರಡು ಎಂದು ಬರೆದರೆ ಬಿ.ಇ. ಓದುವ ಮಗುವಿಗೆ ಹೊಂದಬಹುದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್‌ಗಾಗಲಿ ಐದು ವರ್ಷದ ಕಾನೂನು ಪದವಿಗಾಗಲಿ ಹೊಂದುವುದಿಲ್ಲ. ನೀಟ್‌ನಲ್ಲಿ ಮೊದಲ ಸಲ ಸೀಟು ಸಿಗದೆ ‘ಲಾಂಗ್ ಟರ್ಮ್’ ಸೇರಿ ಒಂದು ವರ್ಷ ಮತ್ತೆ ಓದುವ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ‘ಮೊದಲ ಪದವಿ ಮುಗಿಯುವವರೆಗೆ, ಅಥವಾ ಇಪ್ಪತ್ತನಾಲ್ಕು ವಯಸ್ಸು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಪುನಃ ಪರೀಕ್ಷೆಗಾಗಿ ಒಂದು ವರ್ಷದ ಬಿಡುವೂ ಸೇರಿದಂತೆ’ ಎಂದು ಬರೆದರೆ ಕೊಡುವವರಿಗೂ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತದೆ. ಕೊನೆಯೇ ಇಲ್ಲದ ಹೊಣೆಗೆ ಯಾರೂ ಮನಸಾರೆ ಸಹಿ ಹಾಕುವುದಿಲ್ಲ.

ಕಾಲೇಜಿನ ಖರ್ಚು ಕಾಲೇಜಿನಿಂದ ಶುರುವಾಗುತ್ತದೆ ಎಂದು ಭಾವಿಸುವುದೂ ಇಂದು ತಪ್ಪು. ಜೆಇಇ, ನೀಟ್ ತರಬೇತಿಯನ್ನು ತರಗತಿಯೊಳಗೇ ಬೆರೆಸಿದ ಪಿಯು ಕಾಲೇಜುಗಳು, ದಕ್ಷಿಣ ಕನ್ನಡದ ಕಡೆಯ ವಸತಿ ಪಿಯು ಕಾಲೇಜುಗಳು, ಬೇಸಿಗೆಯ ಕ್ರ್ಯಾಶ್ ಕೋರ್ಸುಗಳು, ಇವುಗಳ ಎರಡು ವರ್ಷದ ಬಿಲ್ಲು ಸರ್ಕಾರಿ ಸೀಟಿನ ನಾಲ್ಕು ವರ್ಷದ ಬಿ.ಇ. ಫೀಸನ್ನು ಮೀರುವುದುಂಟು. 2020ರ ನವೆಂಬರ್ 4ರಂದು ರಜನೇಶ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವನಾಂಶದ ಮಾರ್ಗಸೂಚಿಗಳನ್ನು ನೀಡುವಾಗ ಕೋಚಿಂಗ್ ಮತ್ತು ವೃತ್ತಿಪರ ತರಬೇತಿಯನ್ನೂ ಹೆಸರಿಸಿತು, ಅದು ಸಮಂಜಸವಾಗಿರಬೇಕು, ದುಂದಾಗಬಾರದು ಎಂಬ ಎಚ್ಚರದೊಂದಿಗೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ. ಮಕ್ಕಳ ಶಿಕ್ಷಣದ ವೆಚ್ಚವನ್ನು ಸಾಮಾನ್ಯವಾಗಿ ತಂದೆ ಭರಿಸಬೇಕು. ತಾಯಿಯೂ ದುಡಿಯುತ್ತಿದ್ದು ಸಾಕಷ್ಟು ಸಂಪಾದಿಸುತ್ತಿದ್ದರೆ ಇಬ್ಬರೂ ತಮ್ಮ ಆದಾಯಕ್ಕೆ ಅನುಗುಣವಾಗಿ ಹಂಚಿಕೊಳ್ಳಬಹುದು. ಇದು ಹೊಸ ವಿಚಾರವೇನೂ ಅಲ್ಲ. 2000ದ ಇಸವಿಯ ಪದ್ಮಜಾ ಶರ್ಮ ಪ್ರಕರಣದಲ್ಲಿ ದಂಪತಿ ಇಬ್ಬರೂ ಉದ್ಯೋಗಸ್ಥರಾಗಿದ್ದುದರಿಂದ ಮಕ್ಕಳ ಖರ್ಚನ್ನು ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಎಂದು ಹಂಚಲಾಗಿತ್ತು.

ಈ ಹಂಚಿಕೆಯನ್ನು ರೂಪಾಯಿಯಲ್ಲಿ ಬರೆಯುವುದಕ್ಕಿಂತ ಪಾಲಿನ ಲೆಕ್ಕದಲ್ಲಿ ಬರೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇಂದು ವರ್ಷಕ್ಕೆ 1 ಲಕ್ಷ ಇರುವ ಫೀಸು ವರ್ಷಕ್ಕೆ ಶೇಕಡಾ 8ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ 2.5 ಲಕ್ಷ ದಾಟುತ್ತದೆ. ಆರು ವರ್ಷದ ಮಗುವಿಗೆಂದು ಇಂದು ‘ಕಾಲೇಜಿಗೆ 5 ಲಕ್ಷ’ ಎಂದು ಬರೆದ ಕರಾರು ಆಗ ಮೊದಲ ಎರಡು ವರ್ಷಕ್ಕೇ ಬತ್ತಿಹೋಗುತ್ತದೆ. ತಿಂಗಳ ಜೀವನಾಂಶಕ್ಕೆ ಶೇಕಡಾವಾರು ವಾರ್ಷಿಕ ಏರಿಕೆ ಇರಲಿ, ಕಾಲೇಜಿಗೆ ಮಾತ್ರ ನಿಜವಾದ ಬಿಲ್ಲಿನ ಇಂತಿಷ್ಟು ಪಾಲು ಎಂದಿರಲಿ. ಪಾಲು ನಿರ್ಧರಿಸಲು ಇಬ್ಬರೂ ಪ್ರತಿ ವರ್ಷ ಜೂನ್ ಅಂತ್ಯದೊಳಗೆ ಹಿಂದಿನ ವರ್ಷದ ಆದಾಯ ತೆರಿಗೆ ರಿಟರ್ನ್ ಪ್ರತಿಯನ್ನು ಪರಸ್ಪರ ಕಳಿಸತಕ್ಕದ್ದು ಎಂಬ ಸಾಲು ಬೇಕು. ಇದಕ್ಕೆ ತಂದೆಯರು ಮುಖ ಗಂಟಿಕ್ಕುತ್ತಾರೆ, ಇತ್ತೀಚೆಗೆ ತಾಯಂದಿರೂ ಗಂಟಿಕ್ಕುತ್ತಾರೆ. ಆದರೆ ರಜನೇಶ್ ತೀರ್ಪಿನ ನಂತರ ಜೀವನಾಂಶದ ವ್ಯಾಜ್ಯವಾದರೆ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು (ಅಫಿಡವಿಟ್) ಇಬ್ಬರೂ ಸಲ್ಲಿಸಲೇಬೇಕು. ನ್ಯಾಯಾಲಯದಲ್ಲಿ ಹೇಗೂ ತೆರೆದಿಡಬೇಕಾದದ್ದನ್ನು ರಾಜಿಯಲ್ಲಿ ಮುಚ್ಚಿಡುವುದರಿಂದ ಬರುವ ಲಾಭವೇನು?

ಯಾವ ಕಾಲೇಜು, ಯಾವ ಸೀಟು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ಜಗಳ ತರುವಂಥದ್ದು. ಒಂದೇ ಎಂಜಿನಿಯರಿಂಗ್ ಕಾಲೇಜಿನ ಒಂದೇ ಬ್ರಾಂಚಿನಲ್ಲಿ ಕೆಇಎ ಮೂಲಕ ಬಂದವರಿಗೆ ಒಂದು ಫೀಸು, ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ ಮೂಲಕ ಬಂದವರಿಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಮತ್ತೊಂದು. ಮೂರೂ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಪಾಠ ಕೇಳುತ್ತಾರೆ. ತಾಯಿ ಮ್ಯಾನೇಜ್‌ಮೆಂಟ್ ಸೀಟು ಹಿಡಿದು ಬಿಲ್ಲು ಕಳಿಸಿದರೆ ತಂದೆ ತನ್ನನ್ನು ಕೇಳಲಿಲ್ಲ ಎನ್ನುತ್ತಾನೆ. ಕೇಳಿದ್ದರೆ ಕೊಡುವುದಿಲ್ಲ ಎನ್ನುತ್ತಿದ್ದ ಎಂದು ತಾಯಿ ಹೇಳುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿರುತ್ತದೆ. ಈ ಗಂಟನ್ನು ಬಿಡಿಸಲು ಎರಡು ಹಂತದ ಷರತ್ತು ಉಪಯೋಗಕ್ಕೆ ಬರುತ್ತದೆ. ಸರ್ಕಾರಿ ಕೋಟಾದ ಯಾವುದೇ ಸೀಟಿಗೆ, ಮಗು ಆರಿಸಿಕೊಂಡ ಯಾವುದೇ ಕೋರ್ಸಿಗೆ, ಯಾರ ಒಪ್ಪಿಗೆಯೂ ಬೇಡ, ಪಾಲು ಕೊಡತಕ್ಕದ್ದು. ಅದನ್ನು ಮೀರಿದ ಸೀಟಿಗೆ ಇಬ್ಬರ ಲಿಖಿತ ಒಪ್ಪಿಗೆ ಬೇಕು; ಒಪ್ಪಿಗೆ ಸಿಗದಿದ್ದರೆ ಸರ್ಕಾರಿ ಸೀಟಿನ ಫೀಸಿನಷ್ಟನ್ನು ಕೊಟ್ಟು, ಮೇಲಿನದನ್ನು ಬಯಸಿದವರು ಭರಿಸತಕ್ಕದ್ದು. ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ಕೇಳಿ ಏಳು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಭಾವಿಸತಕ್ಕದ್ದು ಎಂಬುದನ್ನೂ ಸೇರಿಸಿ. ಸೀಟು ಹಂಚಿಕೆಯಾದ ಮೇಲೆ ಫೀಸು ಕಟ್ಟಿ ಸೇರಲು ಕೊಡುವ ಗಡುವು ಕೆಲವೇ ದಿನಗಳದ್ದು, ಮುನಿಸು ಕರಗುವವರೆಗೆ ಅದು ಕಾಯುವುದಿಲ್ಲ.

ಫೀಸನ್ನು ಯಾರ ಖಾತೆಗೆ ಹಾಕಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಬೇರೆಯಾದವರ ನಡುವಿನ ಅಪನಂಬಿಕೆಯ ಅರ್ಧ ಅಲ್ಲಿಯೇ ಇದೆ. ಬೋಧನಾ ಶುಲ್ಕ ಮತ್ತು ಹಾಸ್ಟೆಲ್ ಶುಲ್ಕ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ಕೈಖರ್ಚು ಹದಿನೆಂಟು ತುಂಬಿದ ಮಗುವಿನ ಸ್ವಂತ ಖಾತೆಗೆ ಹೋಗಲಿ. ಆಗ ‘ನಾನು ಕೊಟ್ಟ ದುಡ್ಡು ಎಲ್ಲಿ ಹೋಯಿತು’ ಎಂಬ ಪ್ರಶ್ನೆಯೂ ಇಲ್ಲ, ‘ಅವರು ಕೊಡಲೇ ಇಲ್ಲ’ ಎಂಬ ದೂರೂ ಇಲ್ಲ.

ಸಾಲದ ವಿಷಯ ಯಾರ ರಾಜಿಪತ್ರದಲ್ಲೂ ಕಾಣುವುದಿಲ್ಲ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ತಂದೆಯನ್ನೋ ತಾಯಿಯನ್ನೋ ಸಹ-ಸಾಲಗಾರರನ್ನಾಗಿ ಕೇಳುತ್ತವೆ. ಹೆಚ್ಚಿನ ಮೊತ್ತಕ್ಕೆ ಆಸ್ತಿಯ ಭದ್ರತೆಯನ್ನೂ ಕೇಳುತ್ತವೆ. ಮಗು ಸಾಲ ಮಾಡಿ ಓದಿದರೆ ತನ್ನ ಹೊಣೆ ತೀರಿತೆಂದು ತಂದೆ ಭಾವಿಸಬಹುದು. ಸಹಿ ಹಾಕಲು ತಂದೆ ಸಿಗದೆ ಸಾಲವೇ ಕೈತಪ್ಪಬಹುದು. ಸಾಲ ತೆಗೆದರೆ ಕಂತುಗಳನ್ನು ಅದೇ ಪಾಲಿನಲ್ಲಿ ಹಂಚಿಕೊಳ್ಳಬೇಕೇ, ಯಾರು ಸಹಿ ಹಾಕಬೇಕು ಎಂಬುದನ್ನು ಬರೆದಿಡಿ. ಅದರ ಜೊತೆಗೇ ಇನ್ನೊಂದು ಸಾಲು: ಪ್ರವೇಶಕ್ಕೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ ಬೇಕಾಗುವ ತಮ್ಮ ಕಡೆಯ ದಾಖಲೆಗಳನ್ನು ಕೇಳಿದ ಹತ್ತು ದಿನದೊಳಗೆ ಒದಗಿಸತಕ್ಕದ್ದು. ನಾಡಕಚೇರಿಯ ಕಿಟಕಿಯ ಮುಂದೆ ತಂದೆಯ ದಾಖಲೆಗಾಗಿ ಪರದಾಡುವ ತಾಯಂದಿರಿಗೆ ಈ ಸಾಲಿನ ಬೆಲೆ ಗೊತ್ತು.

ಕೊಡುತ್ತೇನೆಂದವರು ಹನ್ನೆರಡು ವರ್ಷದ ನಂತರ ಇರುತ್ತಾರೆಯೇ, ಇದ್ದರೂ ಅವರಲ್ಲಿ ಇರುತ್ತದೆಯೇ ಎಂಬ ಭದ್ರತೆಯ ಪ್ರಶ್ನೆಗೂ ದಾರಿಗಳಿವೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಾದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆದು ವರ್ಷಕ್ಕೆ ಗರಿಷ್ಠ 1.5 ಲಕ್ಷದವರೆಗೆ ಹದಿನೈದು ವರ್ಷ ಕಟ್ಟಬಹುದು. ಮಗಳು ಹತ್ತನೆಯ ತರಗತಿ ಮುಗಿಸಿದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಅರ್ಧದವರೆಗೆ ಹಿಂದೆಗೆಯಲು ಅವಕಾಶವಿದೆ. ಜೀವ ವಿಮೆಯ ನಾಮನಿರ್ದೇಶನವನ್ನು ಪಾಲಿಸಿದಾರರು ಯಾವಾಗ ಬೇಕಾದರೂ ಬದಲಾಯಿಸಬಹುದಾದ್ದರಿಂದ ಅದನ್ನಷ್ಟೇ ನಂಬಬೇಡಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಮಿನಡಿ ಮಕ್ಕಳ ಹೆಸರಿಗೆ ತಂದೆ ಹೊಸದಾಗಿ ತೆಗೆದ ಪಾಲಿಸಿಯಾದರೆ ಅದು ಮಕ್ಕಳ ಪರವಾದ ನ್ಯಾಸವಾಗುತ್ತದೆ (ಟ್ರಸ್ಟ್), ತಂದೆಗೆ ಸಾಲ ಕೊಟ್ಟವರೂ ಅದನ್ನು ಮುಟ್ಟಲಾರರು. ಹೆಚ್ಚಿನ ಮೊತ್ತವಿದ್ದರೆ ನಿರ್ದಿಷ್ಟ ಸೈಟು ಅಥವಾ ಮನೆಯ ಮೇಲೆ ಹೊಣೆಯನ್ನು ಹೊರಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ, ಕೊಳ್ಳಲು ಬಂದವರು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಒಪ್ಪಂದದ ಬಲವನ್ನು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ತಂದೆ ತಾಯಿ ಮಗುವಿಗೆ ಹೆಚ್ಚು ಕೊಡಲು ಒಪ್ಪಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡಲು ಒಪ್ಪಲಾಗದು. ‘ನನಗೂ ಮಗುವಿಗೂ ಸೇರಿ 15 ಲಕ್ಷ ಪಡೆದಿದ್ದೇನೆ, ಮುಂದೆ ಯಾವ ಕ್ಲೇಮೂ ಇಲ್ಲ’ ಎಂದು ತಾಯಿ ಬರೆದುಕೊಟ್ಟರೆ ಆಕೆಯ ಭಾಗದ ಮಟ್ಟಿಗೇ ಅದರ ಬಗ್ಗೆ ವಾದಕ್ಕೆ ಎಡೆಯಿದೆ. ಕರ್ನಾಟಕದಿಂದಲೇ ಹೋದ ನಾಗೇಂದ್ರಪ್ಪ ನಾಟೀಕಾರ ಪ್ರಕರಣದಲ್ಲಿ ಒಂದೇ ಸಲಕ್ಕೆ 8,000 ರೂಪಾಯಿ ಪಡೆದು ರಾಜಿಯಾದ ಹೆಂಡತಿ ಮುಂದೆ ಬೇರೆ ಕಾಯ್ದೆಯಡಿ ಜೀವನಾಂಶ ಕೇಳಬಹುದು ಎಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಗುವಿನ ಭಾಗದಲ್ಲಂತೂ ಅಂಥ ತ್ಯಾಗಪತ್ರ ಇನ್ನೂ ದುರ್ಬಲ. ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ, 1956ರ 8ನೇ ಕಲಮಿನಂತೆ ಸಹಜ ಪೋಷಕರು ತಮ್ಮ ವೈಯಕ್ತಿಕ ಕರಾರಿನಿಂದ ಅಪ್ರಾಪ್ತ ವಯಸ್ಕರನ್ನು ಬಂಧಿಸಲಾರರು. ದಾವೆಯಲ್ಲಿ ಮಗುವಿನ ಪರವಾಗಿ ರಾಜಿ ಮಾಡಿಕೊಳ್ಳಲು ನ್ಯಾಯಾಲಯದ ಅನುಮತಿ ಬೇಕು. ‘ಫುಲ್ ಅಂಡ್ ಫೈನಲ್’ ಎಂಬ ಮಾತಿನ ಮೇಲೆ ಗಂಡಂದಿರಿಗಿರುವ ವಿಶ್ವಾಸ ಮಗುವಿನ ವಿಷಯದಲ್ಲಿ ನಿರಾಧಾರ ಎಂಬುದನ್ನು ಅವರ ವಕೀಲರು ಮೊದಲೇ ಹೇಳುವುದು ಒಳ್ಳೆಯದು. ಭೇಟಿಗೂ ಫೀಸಿಗೂ ಗಂಟು ಹಾಕುವ ಷರತ್ತುಗಳನ್ನು, ಅಂದರೆ ಮಗು ತಂದೆಯನ್ನು ನೋಡಲು ಬಂದರೆ ಮಾತ್ರ ಕಾಲೇಜಿನ ಹಣ ಎಂಬಂಥವನ್ನು, ನಾನು ಒಪ್ಪುವುದಿಲ್ಲ.

ಈ ಕೊನೆಯ ಮಾತಿಗೆ ಸಂಬಂಧಿಸಿದಂತೆ ಸರ್ವೋಚ್ಚ ನ್ಯಾಯಾಲಯದ 2025ರ ಜನವರಿಯ ಒಂದು ಆದೇಶವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಪ್ಪತ್ತಾರು ವರ್ಷ ಬೇರೆ ಬದುಕಿದ್ದ ದಂಪತಿ 2019ರ ನವೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದರು. ಪ್ರಾಪ್ತ ವಯಸ್ಸಿನ ಮಗಳೂ ಅದಕ್ಕೆ ಸಹಿ ಹಾಕಿದ್ದಳು. ತಂದೆ ಕೊಡಲೊಪ್ಪಿದ 73 ಲಕ್ಷದಲ್ಲಿ 43 ಲಕ್ಷ ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳ ವ್ಯಾಸಂಗಕ್ಕೆ, 30 ಲಕ್ಷ ಹೆಂಡತಿಗೆ. ಆ ಮಗಳು ಸ್ವಾಭಿಮಾನದಿಂದ ಆ ಹಣ ತನಗೆ ಬೇಡವೆಂದಳು, ತಂದೆ ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ. ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ತಂದೆ ತಾಯಿಯರಿಂದ ಶಿಕ್ಷಣದ ವೆಚ್ಚ ಪಡೆಯುವುದು ಮಗಳಿಗೆ ಕಾನೂನಿನ ಮೂಲಕ ಜಾರಿ ಮಾಡಿಸಿಕೊಳ್ಳಬಹುದಾದ, ಕಸಿಯಲಾಗದ ಹಕ್ಕು ಎಂದಿತು, ಅವರ ಆರ್ಥಿಕ ಶಕ್ತಿಯ ಮಿತಿಯೊಳಗೆ. ಆ ಹಣವನ್ನು ಆಕೆ ಯಾರಿಗೂ ಮರಳಿಸಬೇಕಾಗಿಲ್ಲ ಎಂದಿತು. ನನಗೆ ಇಲ್ಲಿ ಮುಖ್ಯವೆನಿಸುವುದು ಮಗಳ ಸಹಿ. ಓದುವ ಮಗು ಪ್ರಾಪ್ತ ವಯಸ್ಸಿಗೆ ಬಂದಿದ್ದರೆ ಅದನ್ನೂ ಕರಾರಿನ ಪಕ್ಷವನ್ನಾಗಿ ಮಾಡಿ. ಬಂದಿಲ್ಲದಿದ್ದರೆ, ಹದಿನೆಂಟು ತುಂಬಿದ ಮೇಲೆ ಈ ಷರತ್ತನ್ನು ಮಗುವೇ ನೇರವಾಗಿ ಅಮಲ್ಜಾರಿ ಮಾಡಿಸಬಹುದು ಎಂದು ಬರೆಯಿರಿ.

ಅಮೆರಿಕದಲ್ಲಿರುವ ಕನ್ನಡಿಗ ಕುಟುಂಬಗಳಿಂದಲೂ ಈ ಪ್ರಶ್ನೆ ಬರುವುದರಿಂದ ಒಂದೆರಡು ಮಾತು. ಅಲ್ಲಿ ರಾಜ್ಯಕ್ಕೊಂದು ಕಾನೂನು. ನ್ಯೂಜೆರ್ಸಿಯಲ್ಲಿ 1982ರ ಒಂದು ತೀರ್ಪಿನಿಂದ, ಇಲಿನಾಯ್‌ನಲ್ಲಿ ಕಾಯ್ದೆಯ ಮೂಲಕವೇ, ಬೇರೆಯಾದ ತಂದೆ ತಾಯಿಗಳು ಕಾಲೇಜಿಗೆ ಕೊಡಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅಂಥ ಕಾಯ್ದೆಯನ್ನು 1995ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಇಂಥ ಕಡೆಗಳಲ್ಲಿ ಕೂಡ ತಂದೆ ತಾಯಿ ಬರೆದುಕೊಂಡ ಒಪ್ಪಂದ ಜಾರಿಯಾಗುತ್ತದೆ. ಅಮೆರಿಕದ ಡಿಕ್ರಿಯನ್ನು ಭಾರತದಲ್ಲಿರುವ ತಂದೆಯ ಮೇಲೆ ನೇರವಾಗಿ ಅಮಲ್ಜಾರಿ ಮಾಡಿಸಲಾಗದು, ಅದರ ಆಧಾರದ ಮೇಲೆ ಇಲ್ಲಿ ದಾವೆ ಹೂಡಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಡಿ.

ಉಪನ್ಯಾಸದ ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯ ಉತ್ತರವನ್ನೂ ಇಲ್ಲಿಯೇ ಸೇರಿಸುತ್ತೇನೆ: ರಾಜಿ ಆಗಿಹೋಗಿದೆ, ಡಿಕ್ರಿ ಬಂದು ವರ್ಷಗಳಾಗಿವೆ, ಅದರಲ್ಲಿ ಕಾಲೇಜಿನ ಮಾತೇ ಇಲ್ಲ, ಈಗೇನು ಮಾಡಬಹುದು? ಮಗುವಿಗೆ ಇನ್ನೂ ಹದಿನೆಂಟು ತುಂಬಿಲ್ಲವಾದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಡಿಕ್ರಿಯ ನಂತರವೂ ತೆರೆದಿರುತ್ತದೆ. ಹಿಂದಿನ ಆದೇಶವನ್ನು ಬದಲಾಯಿಸಬೇಕೆಂದು, ಶಿಕ್ಷಣದ ವೆಚ್ಚವನ್ನು ಸೇರಿಸಬೇಕೆಂದು ಅದರಡಿ ಅರ್ಜಿ ಹಾಕಬಹುದು. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 25ನೇ ಕಲಂ ಕೂಡ ಪರಿಸ್ಥಿತಿ ಬದಲಾದಾಗ ಜೀವನಾಂಶದ ಮೊತ್ತವನ್ನು, ಅದು ಒಪ್ಪಂದದಿಂದ ನಿಗದಿಯಾದದ್ದಾಗಿದ್ದರೂ, ಬದಲಾಯಿಸಲು ಎಡೆಕೊಡುತ್ತದೆ. ಮಗಳಾದರೆ ಹದಿನೆಂಟರ ನಂತರವೂ 20ನೇ ಕಲಮಿನಡಿ ದಾರಿಯಿದೆ. ಮಗನಾಗಿದ್ದರೆ, ಆತ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಬೇಸಿಗೆಯಲ್ಲಿಯೇ ಅರ್ಜಿ ಸಲ್ಲಿಸಿ, ಆ ಅರ್ಜಿಯೊಳಗೆ ಮತ್ತೊಮ್ಮೆ ಮಧ್ಯಸ್ಥಿಕೆಗೆ ಕಳಿಸಿಕೊಡುವಂತೆ ಕೇಳಿ. ಆಗ ನಿಮ್ಮ ಕೈಯಲ್ಲಿ ಎರಡು ವರ್ಷಗಳಿರುತ್ತವೆ.